ರಕ್ತನಾಳದ ಸಾಕ್ಷ್ಯಕ್ಕೆ ಲೆಕ್ಕ ಶೀರ್ಷಿಕೆ ಎಲ್ಲಿ?

2025ರ ಮೇ ಅಂತ್ಯ ಹಾಗೂ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದರಂತೆ ಬಂದ ಹಠಾತ್ ಸಾವಿನ ಸುದ್ದಿಗಳು ನಾಡಿನ ಜನರನ್ನು ಕಂಗೆಡಿಸಿದವು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಆ ಸಾಲಿನಲ್ಲಿ ಎದೆನೋವಿನವರಿಗಿಂತ ಎದೆಗುಂದಿದವರೇ ಹೆಚ್ಚಿದ್ದರು. ಕೋವಿಡ್ ಲಸಿಕೆಯೇ ಕಾರಣವೆಂಬ ಗುಮಾನಿ ಬೀದಿಮಾತಿನಿಂದ ಅಧಿಕಾರಸ್ಥರ ಹೇಳಿಕೆಗಳವರೆಗೆ ಹಬ್ಬಿತು. ಕೇಂದ್ರ ಆರೋಗ್ಯ ಸಚಿವಾಲಯವು ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಅದನ್ನು ಅಲ್ಲಗಳೆಯಿತು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ರಾಜ್ಯ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿಯು ತಾನು ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವೆಂದೂ, ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆ ಇಲ್ಲವೆಂದೂ, ಲಸಿಕೆಗೂ ಈ ಸಾವುಗಳಿಗೂ ನಂಟು ಕಂಡುಬಂದಿಲ್ಲವೆಂದೂ ವರದಿ ನೀಡಿತು. ಜುಲೈನಲ್ಲಿ ಸರ್ಕಾರ ಎರಡು ನಿರ್ಧಾರಗಳನ್ನು ಪ್ರಕಟಿಸಿತು. ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂಬುದು ಒಂದು. ಆಸ್ಪತ್ರೆಯ ಹೊರಗೆ ಹಠಾತ್ತನೆ ಮೃತಪಡುವ 45 ವರ್ಷದೊಳಗಿನವರ ಮರಣೋತ್ತರ ಪರೀಕ್ಷೆ ನಡೆಯಬೇಕು ಎಂಬುದು ಇನ್ನೊಂದು.

ಈ ಎರಡನೆಯ ನಿರ್ಧಾರ ಸರಿಯಾದುದು. ಆದರೆ ಅದರ ಅರ್ಥವನ್ನು ನಮ್ಮ ಆಡಳಿತ ವ್ಯವಸ್ಥೆ ಪೂರ್ತಿಯಾಗಿ ಗ್ರಹಿಸಿದೆಯೇ ಎಂಬುದು ನನ್ನ ಅನುಮಾನ. ಹಾಸನದಲ್ಲಿ ಮೃತಪಟ್ಟ ಎಲ್ಲರ ವಿಷಯದಲ್ಲೂ ಶವಪರೀಕ್ಷೆಯ ಆಧಾರ ಇರಲಿಲ್ಲ. ಹಲವು ಪ್ರಕರಣಗಳಲ್ಲಿ ಸಮಿತಿಯು ಮನೆಯವರ ಮಾತು ಮತ್ತು ಹಳೆಯ ವೈದ್ಯಕೀಯ ದಾಖಲೆಗಳಿಂದಲೇ ಕಾರಣವನ್ನು ಊಹಿಸಬೇಕಾಯಿತು. ವದಂತಿಗೆ ಇಷ್ಟು ದಿನ ಉಸಿರು ದೊರೆತದ್ದು ಈ ಖಾಲಿ ಜಾಗದಲ್ಲಿ. ಅದನ್ನು ತುಂಬುವ ಕೆಲಸ ಶವಾಗಾರದಲ್ಲಿ ಆರಂಭವಾಗುತ್ತದೆ ನಿಜ. ಆದರೆ ಅದು ಮುಗಿಯಬೇಕಾದುದು ರೋಗಶಾಸ್ತ್ರದ ಪ್ರಯೋಗಾಲಯದಲ್ಲಿ.

ನಮ್ಮಲ್ಲಿ ಮರಣೋತ್ತರ ಪರೀಕ್ಷೆ ಎಂದರೆ ಬಹುಮಟ್ಟಿಗೆ ಪೊಲೀಸರ ಅಗತ್ಯ. ಕೊಲೆಯೋ, ವಿಷವೋ, ಅಪಘಾತವೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಕಡತ ಮುಚ್ಚುತ್ತದೆ. ಹೃದಯದ ಸಾವಿನ ಕಾರಣ ಹುಡುಕುವುದು ಬೇರೆಯೇ ಬಗೆಯ ಕೆಲಸ. ಹೃದಯಕ್ಕೆ ರಕ್ತ ಪೂರೈಸುವ ಅಪಧಮನಿಗಳನ್ನು ಮೂರು ಮಿಲಿಮೀಟರ್‌ಗೆ ಒಂದರಂತೆ ಅಡ್ಡಡ್ಡ ಕತ್ತರಿಸಿ ನೋಡಬೇಕು. ಸುಣ್ಣಗಟ್ಟಿದ ನಾಳಗಳನ್ನು ಮೊದಲು ಆಮ್ಲದಲ್ಲಿ ಮೆದುಗೊಳಿಸಬೇಕು. ಅನುಮಾನ ಬಂದ ಕಡೆ ಅಂಗಾಂಶವನ್ನು ತೆಳುಪದರವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಡಬೇಕು. ಹೃದಯದ ಸ್ನಾಯುವಿನಿಂದಲೂ ತುಣುಕುಗಳನ್ನು ತೆಗೆಯಬೇಕು. ಯುವಕನೊಬ್ಬ ಕುಸಿದು ಬಿದ್ದಾಗ ಕಾರಣ ನಾಳದಲ್ಲಿನ ಹೆಪ್ಪು ಇರಬಹುದು, ಸ್ನಾಯುವಿನ ಉರಿಯೂತ ಇರಬಹುದು, ಹುಟ್ಟಿನಿಂದ ಬಂದ ಸ್ನಾಯುದೋಷ ಇರಬಹುದು, ಅಥವಾ ಯಾವ ಗುರುತೂ ಉಳಿಸದ ವಿದ್ಯುತ್ ಲಯದ ಏರುಪೇರು ಇರಬಹುದು. ಬರಿಗಣ್ಣಿಗೆ ಇವೆಲ್ಲ ಬೇರೆಬೇರೆಯಾಗಿ ಕಾಣುವುದಿಲ್ಲ. ‘ಹೃದಯಾಘಾತ’ ಎಂಬ ಒಂದೇ ಪದ ನಾಲ್ಕನ್ನೂ ಮುಚ್ಚಿಡುತ್ತದೆ.

ಇಷ್ಟು ಸೂಕ್ಷ್ಮಕ್ಕೆ ಇಳಿಯುವುದರಿಂದ ಬದುಕಿರುವವರಿಗೆ ಏನು ಲಾಭ ಎಂದು ಓದುಗರು ಕೇಳಬಹುದು. ಉತ್ತರ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಇದೆ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್‌ನಲ್ಲಿ 46ನೆಯ ವಯಸ್ಸಿಗೇ ತೀರಿಕೊಂಡ ನಂತರ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆಯನ್ನು ಜಾರಿಗೆ ತಂದಿತು. ಎದೆನೋವಿನಿಂದ ಬಂದವರಿಗೆ ತಾಲ್ಲೂಕು ಮಟ್ಟದಲ್ಲೇ ಇಸಿಜಿ ಮಾಡಿ, ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಯೋಜನೆ ಇದು. ಈ ಮದ್ದು ಮಾಡುವುದು ಇಷ್ಟೇ: ಅಪಧಮನಿಯಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುತ್ತದೆ. ಇಂದು ಇದು ಸಹಜವೆನಿಸುತ್ತದೆ. ಆದರೆ 1970ರ ದಶಕದವರೆಗೂ ಹೆಪ್ಪು ಹೃದಯಾಘಾತದ ಕಾರಣವೋ ಅಥವಾ ಪರಿಣಾಮವೋ ಎಂಬ ಬಗ್ಗೆ ರೋಗಶಾಸ್ತ್ರಜ್ಞರಲ್ಲೇ ಒಮ್ಮತವಿರಲಿಲ್ಲ. ಷಿಕಾಗೊದ ವೈದ್ಯ ಜೇಮ್ಸ್ ಹೆರಿಕ್ 1912ರಲ್ಲೇ ಹೆಪ್ಪು ಕಾರಣವೆಂದು ಬರೆದಿದ್ದರು. ಆದರೆ ಶವಪರೀಕ್ಷೆಗಳಲ್ಲಿ ಕೆಲವೊಮ್ಮೆ ಹೆಪ್ಪು ಸಿಗುತ್ತಿತ್ತು, ಕೆಲವೊಮ್ಮೆ ಸಿಗುತ್ತಿರಲಿಲ್ಲ. ಸ್ನಾಯು ಸತ್ತ ಮೇಲೆ ರಕ್ತ ನಿಂತು ಹೆಪ್ಪುಗಟ್ಟಿರಬಹುದೆಂದು ಹಲವು ದೊಡ್ಡ ಹೆಸರುಗಳು ವಾದಿಸಿದವು. ಕಾರಣವಲ್ಲದ ಹೆಪ್ಪನ್ನು ಕರಗಿಸಲು ಯಾರು ತಾನೆ ಮುಂದಾಗುತ್ತಾರೆ?

ವಿವಾದ ಬಗೆಹರಿದದ್ದು ಎರಡು ಕಡೆಯಿಂದ ಬಂದ ಸಾಕ್ಷ್ಯದಿಂದ. ಅಮೆರಿಕದ ಸ್ಪೊಕೇನ್ ಎಂಬ ಊರಿನಲ್ಲಿ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಹೃದಯಾಘಾತವಾದ ಕೆಲವೇ ಗಂಟೆಗಳಲ್ಲಿ ಆಂಜಿಯೊಗ್ರಾಂ ಮಾಡುವ ಧೈರ್ಯ ತೋರಿದರು. ಮೊದಲ ನಾಲ್ಕು ಗಂಟೆಗಳೊಳಗೆ ನೋಡಿದವರಲ್ಲಿ ಶೇ 87ರಷ್ಟು ಮಂದಿಯ ನಾಳ ಪೂರ್ತಿ ಮುಚ್ಚಿದ್ದುದು 1980ರಲ್ಲಿ ಪ್ರಕಟವಾಯಿತು. ಲಂಡನ್‌ನ ರೋಗಶಾಸ್ತ್ರಜ್ಞ ಮೈಕೆಲ್ ಡೇವಿಸ್, ಹೃದ್ರೋಗದಿಂದ ಹಠಾತ್ತನೆ ತೀರಿಕೊಂಡ 100 ಜನರ ನಾಳಗಳನ್ನು ಹೋಳು ಹೋಳಾಗಿ ಪರೀಕ್ಷಿಸಿ 74 ಮಂದಿಯಲ್ಲಿ ಹೆಪ್ಪನ್ನು ಕಂಡರು. ನಾಳದ ಒಳಗೋಡೆಯ ಕೊಬ್ಬಿನ ಗಂಟು ಬಿರುಕುಬಿಟ್ಟ ಜಾಗದಲ್ಲಿ ಹೆಪ್ಪು ಕಟ್ಟುತ್ತದೆಂಬುದನ್ನು ಸ್ಲೈಡುಗಳಲ್ಲಿ ತೋರಿಸಿದರು. ಅದು 1984. ನಾಲ್ಕು ವರ್ಷಗಳ ಬಳಿಕ 17 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಐಸಿಸ್-2 ಪ್ರಯೋಗ, ಹೆಪ್ಪು ಕರಗಿಸುವ ಮದ್ದು ಹಾಗೂ ಆಸ್ಪಿರಿನ್ ಜೀವ ಉಳಿಸುತ್ತವೆಂದು ಸಾಬೀತು ಮಾಡಿತು. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ರೈತನೊಬ್ಬನ ತೋಳಿಗೆ ಚುಚ್ಚುವ ಸೂಜಿಯ ಹಿಂದೆ ಸತ್ತವರ ನಾಳಗಳನ್ನು ತಾಳ್ಮೆಯಿಂದ ಕತ್ತರಿಸಿ ನೋಡಿದವರ ದುಡಿಮೆ ಇದೆ.

ಕೊಲೆಸ್ಟರಾಲ್ ಕಥೆಯೂ ಇಂಥದೇ, ಇನ್ನೂ ದೀರ್ಘವಾದುದು. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟರಾಲ್ ತಿನ್ನಿಸಿ, ಅವುಗಳ ಮಹಾಪಧಮನಿಯಲ್ಲಿ ಮನುಷ್ಯರಲ್ಲಿ ಕಾಣುವಂಥದೇ ಗಂಟುಗಳು ಮೂಡುವುದನ್ನು ತೋರಿಸಿದರು. ಇತರರು ಅದೇ ಪ್ರಯೋಗವನ್ನು ಇಲಿ, ನಾಯಿಗಳ ಮೇಲೆ ಮಾಡಿದಾಗ ಏನೂ ಆಗಲಿಲ್ಲ. ಆ ಪ್ರಾಣಿಗಳು ಕೊಲೆಸ್ಟರಾಲನ್ನು ಪಿತ್ತಾಮ್ಲವಾಗಿ ಮಾರ್ಪಡಿಸಿ ಹೊರಹಾಕುತ್ತವೆ ಎಂಬುದು ಆಗ ತಿಳಿದಿರಲಿಲ್ಲ. ಹೀಗಾಗಿ ಮೊಲದ ಪ್ರಯೋಗವನ್ನು ಮೊಲದ ವಿಚಿತ್ರವೆಂದು ಬದಿಗಿಟ್ಟರು. ನಾಳದ ಗಡಸುತನ ಮುಪ್ಪಿನ ಸಹಜ ಲಕ್ಷಣವೆಂಬ ನಂಬಿಕೆ ಉಳಿಯಿತು. ಅದನ್ನು ಅಲುಗಿಸಿದ್ದೂ ಶವಪರೀಕ್ಷೆಯೇ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ಸೇನಾ ವೈದ್ಯರು, ಸರಾಸರಿ 22 ವಯಸ್ಸಿನ ಆ ಹುಡುಗರ ಪೈಕಿ ಶೇ 77ರಷ್ಟು ಮಂದಿಯಲ್ಲಿ ರೋಗದ ಕುರುಹುಗಳಿದ್ದವೆಂದು 1953ರಲ್ಲಿ ವರದಿ ಮಾಡಿದರು. ಯುದ್ಧದ ಗುಂಡಿಗೆ ಬಲಿಯಾದವರ ಹೃದಯವನ್ನು ಏಕೆ ಪರೀಕ್ಷಿಸಬೇಕೆಂದು ಅಲ್ಲಿನ ಲೆಕ್ಕಾಧಿಕಾರಿಗಳು ಆಕ್ಷೇಪಿಸಲಿಲ್ಲವೆಂದು ಕಾಣುತ್ತದೆ. ನಮ್ಮಲ್ಲಾಗಿದ್ದರೆ ಆಕ್ಷೇಪಣೆ ಖಂಡಿತ.

ಆಮೇಲೆ 1973-74ರಲ್ಲಿ ಡಲ್ಲಾಸ್‌ನ ಗೋಲ್ಡ್‌ಸ್ಟೈನ್ ಮತ್ತು ಬ್ರೌನ್, ವಂಶಪಾರಂಪರ್ಯವಾಗಿ ಅತಿಯಾದ ಕೊಲೆಸ್ಟರಾಲ್ ಹೊತ್ತು ಹುಟ್ಟಿದ ರೋಗಿಗಳ ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆಯುವ ಗ್ರಾಹಕವನ್ನು ಪತ್ತೆಹಚ್ಚಿದರು. ಅವರಿಗೆ 1985ರಲ್ಲಿ ನೊಬೆಲ್ ಬಂತು. ಅದೇ ಹೊತ್ತಿಗೆ ಟೋಕಿಯೊದ ಔಷಧ ಕಂಪನಿಯೊಂದರಲ್ಲಿ ಅಕಿರ ಎಂಡೊ ಸುಮಾರು 6,000 ಬಗೆಯ ಶಿಲೀಂಧ್ರಗಳನ್ನು ಜಾಲಾಡಿ, ಕ್ಯೋಟೊದ ದಿನಸಿ ಅಂಗಡಿಯ ಅಕ್ಕಿಯಲ್ಲಿ ಸಿಕ್ಕ ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಕಂಡುಕೊಂಡರು. ಅದೂ ಇಲಿಗಳಲ್ಲಿ ಕೆಲಸ ಮಾಡಲಿಲ್ಲ; ಯೋಜನೆ ಮುಚ್ಚುವ ಹಂತಕ್ಕೆ ಬಂದಿತ್ತು. ಸಹೋದ್ಯೋಗಿಯೊಬ್ಬರು ತಮ್ಮ ಪ್ರಯೋಗ ಮುಗಿದು ಕೊಲ್ಲಬೇಕಿದ್ದ ಮೊಟ್ಟೆಕೋಳಿಗಳನ್ನು ಕೊಟ್ಟರು, ಕೋಳಿಗಳಲ್ಲಿ ಮದ್ದು ಫಲಿಸಿತು. ಈ ಬಗೆಯ ಮೊದಲ ಔಷಧಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1987ರಲ್ಲಿ. ಅನಿಚ್ಕೊವ್ ಅವರ ಮೊಲದಿಂದ ನಮ್ಮ ಊರಿನ ಔಷಧಿ ಅಂಗಡಿಯ ಮಾತ್ರೆಗೆ 74 ವರ್ಷ ಹಿಡಿಯಿತು.

ಅರ್ಥಶಾಸ್ತ್ರ ಓದಿದವನಿಗೆ ಈ ಅಂಕಿ ತಟ್ಟನೆ ಕಣ್ಣಿಗೆ ಬೀಳುತ್ತದೆ. 74 ವರ್ಷ ಕಾಯುವ ಬಂಡವಾಳ ಯಾವ ಮಾರುಕಟ್ಟೆಯಲ್ಲೂ ಇಲ್ಲ. ಎಂಡೊ ಅವರು ಖಾಸಗಿ ಕಂಪನಿಯ ನೌಕರರಾಗಿದ್ದರಲ್ಲವೇ ಎಂದು ಕೇಳಬಹುದು, ಹೌದು. ಆದರೆ ದೇಹ ಕೊಲೆಸ್ಟರಾಲನ್ನು ತಯಾರಿಸುವ ಹಾದಿಯನ್ನು ವಿಶ್ವವಿದ್ಯಾಲಯಗಳ ಸಂಶೋಧಕರು, ಮುಖ್ಯವಾಗಿ 1964ರ ನೊಬೆಲ್ ಪಡೆದ ಬ್ಲಾಕ್ ಮತ್ತು ಲಿನೆನ್, ಮೊದಲೇ ಬಿಡಿಸಿಟ್ಟಿದ್ದರಿಂದ ಅವರಿಗೆ ಎಲ್ಲಿ ತಡೆಯೊಡ್ಡಬೇಕೆಂಬುದು ತಿಳಿದಿತ್ತು. ಮೂಲ ಜ್ಞಾನ ಸಾರ್ವಜನಿಕ ಸರಕು. ಅದನ್ನು ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಕಡಿಮೆಯಾಗದು, ಬಳಸಿದವನಿಂದ ಬೆಲೆ ವಸೂಲಿ ಮಾಡುವುದೂ ಆಗದು. ಆದ್ದರಿಂದಲೇ ಅದು ಸರ್ಕಾರದ ಹೊಣೆ.

ಹಾಗಾದರೆ ಉಳಿದವರು ಕಂಡುಹಿಡಿಯಲಿ, ನಾವು ಬಳಸೋಣ ಎನ್ನಬಾರದೇಕೆ? ಇದು ಹಗುರವಾದ ಪ್ರಶ್ನೆಯಲ್ಲ. ಬಡ ದೇಶವೊಂದು ಹಾಗೆ ಯೋಚಿಸುವುದರಲ್ಲಿ ತರ್ಕವಿದೆ, ಸೇವೆಯಲ್ಲಿದ್ದಾಗ ನಾನೂ ಹಾಗೆಯೇ ಯೋಚಿಸಿದವನು. ಆದರೆ ನಮ್ಮ ರಕ್ತನಾಳಗಳ ವಿಷಯದಲ್ಲಿ ಒಂದು ತೊಡಕಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರ ನೇತೃತ್ವ ವಹಿಸಿದ್ದ ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ಒಂಬತ್ತು ಅಂಶಗಳೇ ಜಗತ್ತಿನ ಶೇ 90ರಷ್ಟು ಹೃದಯಾಘಾತಗಳನ್ನು ವಿವರಿಸುತ್ತವೆಂದು ಅದು ಹೇಳಿತು. ಅದೇ ಅಧ್ಯಯನದ ಮಾಹಿತಿಯಿಂದ 2007ರಲ್ಲಿ ಹೊರಬಂದ ಇನ್ನೊಂದು ಅಂಶವೆಂದರೆ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ 58.8. ಅಂದರೆ ನಮ್ಮವರು ಸುಮಾರು ಆರು ವರ್ಷ ಮೊದಲೇ ಬೀಳುತ್ತಾರೆ. ಅಪಾಯದ ಅಂಶಗಳು ನಮ್ಮಲ್ಲಿ ಬೇಗನೆ ಕಾಣಿಸಿಕೊಳ್ಳುತ್ತವೆಂಬುದು ಇದಕ್ಕೆ ದೊಡ್ಡ ಮಟ್ಟಿನ ವಿವರಣೆ. ಆದರೆ ಒಂದೇ ಓಣಿಯ, ಒಂದೇ ಊಟದ, ಒಂದೇ ಬೀಡಿಯ ಇಬ್ಬರಲ್ಲಿ ಒಬ್ಬ 35ಕ್ಕೆ ಕುಸಿದು ಇನ್ನೊಬ್ಬ 80 ದಾಟುವುದೇಕೆ ಎಂಬುದಕ್ಕೆ ಜನಸಮೂಹದ ಅಂಕಿಅಂಶ ಉತ್ತರಿಸದು. ಅದಕ್ಕೆ ನಾಳದ ಗೋಡೆಯನ್ನೇ ನೋಡಬೇಕು.

ಗೋಡೆಯನ್ನು ನೋಡಿದವರು ಈಗಾಗಲೇ ಹೇಳಿರುವ ಒಂದು ಸಂಗತಿ ನಮಗೆ ನೇರವಾಗಿ ತಟ್ಟುತ್ತದೆ. ಭಾರತೀಯ ಮೂಲದ ರೋಗಶಾಸ್ತ್ರಜ್ಞೆ ರೇಣು ವಿರ್ಮಾನಿ ಅಮೆರಿಕದಲ್ಲಿ ಹಠಾತ್ ಹೃದಯಸಾವುಗಳ ಬಹುದೊಡ್ಡ ಸಂಗ್ರಹವನ್ನು ಪರೀಕ್ಷಿಸಿ, ಎಲ್ಲ ಹೆಪ್ಪುಗಳೂ ಗಂಟಿನ ಬಿರುಕಿನಿಂದ ಹುಟ್ಟುವುದಿಲ್ಲವೆಂದು 2000ರಲ್ಲಿ ವಿವರಿಸಿದರು. ಕೆಲವೆಡೆ ಗಂಟು ಒಡೆದಿರುವುದೇ ಇಲ್ಲ. ಅದರ ಮೇಲ್ಪದರ ಮಾತ್ರ ಸವೆದು ಅಲ್ಲಿ ಹೆಪ್ಪು ಕಟ್ಟಿರುತ್ತದೆ. ಈ ಸವಕಳಿ ಕಿರಿಯರಲ್ಲಿ ಮತ್ತು ಮಹಿಳೆಯರಲ್ಲಿ ಹೆಚ್ಚು ಕಂಡುಬಂತು. ಹಾಸನದ, ಅಥವಾ ಕಲಬುರ್ಗಿಯ, 38 ವರ್ಷದವರ ನಾಳದಲ್ಲಿ ಬಿರುಕು ಎಷ್ಟು, ಸವಕಳಿ ಎಷ್ಟು? ಎರಡರ ತಡೆಗಟ್ಟುವಿಕೆ ಒಂದೇ ಆಗಿರಬೇಕಿಲ್ಲ. ಕೊಬ್ಬು ತುಂಬಿದ ಗಂಟಿಗೆ ಸ್ಟ್ಯಾಟಿನ್ ಒಳ್ಳೆಯ ಉತ್ತರ, ಸವಕಳಿಗೆ ಅದೇ ಅಷ್ಟೇ ಒಳ್ಳೆಯ ಉತ್ತರವೇ ಎಂಬುದು ಚರ್ಚೆಯಲ್ಲಿದೆ. ಪ್ರಯೋಗಾಲಯದ ಇಲಿಯೂ ಇಲ್ಲಿ ಹೆಚ್ಚು ನೆರವಾಗದು. 1992ರಲ್ಲಿ ಜೀನ್ ತಿದ್ದಿ ರೂಪಿಸಿದ ಇಲಿಗಳಲ್ಲಿ ಗಂಟುಗಳೇನೋ ಧಾರಾಳವಾಗಿ ಬೆಳೆದವು, ಆದರೆ ಮನುಷ್ಯರಲ್ಲಿ ಆಗುವಂತೆ ಒಡೆದು ಹೆಪ್ಪುಗಟ್ಟುವುದು ಅಪರೂಪ. ಮನುಷ್ಯರ ಅಂಗಾಂಶಕ್ಕೆ ಬದಲಿಯಿಲ್ಲ, ಮತ್ತು ನಮ್ಮವರ ಅಂಗಾಂಶವನ್ನು ನಮ್ಮ ಪರವಾಗಿ ಬೇರೆ ಯಾರೂ ನೋಡಿಕೊಡುವುದಿಲ್ಲ.

ಉರಿಯೂತದ ವಿಚಾರವೂ ಹೀಗೆಯೇ. ಅಪಧಮನಿಯ ರೋಗ ಬರೀ ಕೊಬ್ಬಿನ ಶೇಖರಣೆಯಲ್ಲ, ಗೋಡೆಯಲ್ಲಿ ನಿರಂತರ ನಡೆಯುವ ಉರಿಯೂತ ಎಂದು ಸಿಯಾಟಲ್‌ನ ರಸೆಲ್ ರಾಸ್ 1999ರಲ್ಲಿ ಪ್ರತಿಪಾದಿಸಿದಾಗ ಅದೊಂದು ಸಿದ್ಧಾಂತ. 10 ಸಾವಿರ ರೋಗಿಗಳ ಮೇಲೆ ನಡೆದ ಕ್ಯಾಂಟೋಸ್ ಪ್ರಯೋಗ 2017ರಲ್ಲಿ ಅದಕ್ಕೆ ಬಲ ನೀಡಿತು. ಆ ಮದ್ದು ದುಬಾರಿಯಾಗಿತ್ತು, ಮಾರಕ ಸೋಂಕುಗಳನ್ನೂ ಹೆಚ್ಚಿಸಿತು. ಬಳಿಕ ಗೌಟ್ ರೋಗದ ಅಗ್ಗದ ಹಳೆಯ ಮಾತ್ರೆ ಕಾಲ್ಚಿಸಿನ್ 2020ರ ಪ್ರಯೋಗದಲ್ಲಿ ಭರವಸೆ ಮೂಡಿಸಿತು. ಹೃದಯಾಘಾತವಾದ ಕೂಡಲೇ ಅದನ್ನು ಆರಂಭಿಸಿದ ದೊಡ್ಡ ಪ್ರಯೋಗವೊಂದರಲ್ಲಿ 2024ರಲ್ಲಿ ಪ್ರಯೋಜನ ಕಾಣಲಿಲ್ಲ. ಯಾರ ನಾಳದಲ್ಲಿ ಉರಿಯೂತ ಮುಖ್ಯ, ಯಾರಲ್ಲಿ ಅಲ್ಲ ಎಂಬುದು ಇನ್ನೂ ಪ್ರಶ್ನೆಯೇ. (ಕಾಲ್ಚಿಸಿನ್ ಅಂಶವಿರುವ ಅಗ್ನಿಶಿಖೆ ನಮ್ಮ ಬೇಲಿಗಳಲ್ಲಿ ತಾನಾಗಿ ಹಬ್ಬುವ ಬಳ್ಳಿ. ನೆರೆಯ ತಮಿಳುನಾಡಿನ ರೈತರು ಅದರ ಬೀಜವನ್ನು ರಫ್ತಿಗಾಗಿ ಬೆಳೆಯುತ್ತಾರೆ. ಬೀಜ ನಮ್ಮದು, ಪ್ರಶ್ನೆ ಕೇಳುವವರು ಬೇರೆಯವರು.)

ಇನ್ನು ಹಣದ ಮಾತು. ದೇಶವು ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು 2020-21ರಲ್ಲಿ ಜಿಡಿಪಿಯ ಶೇ 0.64. 2025-26ರ ಕೇಂದ್ರ ಬಜೆಟ್‌ನಲ್ಲಿ ಆರೋಗ್ಯ ಸಚಿವಾಲಯಕ್ಕೆ ದೊರೆತ ಸುಮಾರು ಒಂದು ಲಕ್ಷ ಕೋಟಿ ರೂಪಾಯಿಯಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯ ಪಾಲು ಸುಮಾರು 3,900 ಕೋಟಿ, ಅಂದರೆ ನೂರಕ್ಕೆ ನಾಲ್ಕು. 2023ರ ಕಾನೂನಿನಡಿ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ ಘೋಷಿಸಿದ 50 ಸಾವಿರ ಕೋಟಿಯಲ್ಲಿ ಬಹುಪಾಲು ಸರ್ಕಾರೇತರ ಮೂಲಗಳಿಂದ ಬರಬೇಕಾದದ್ದು. ಇದಕ್ಕೆ ಹೋಲಿಸಿ: 2017ರ ಫೆಬ್ರುವರಿಯಲ್ಲಿ ಕೇಂದ್ರವು ಸ್ಟೆಂಟ್‌ಗಳಿಗೆ ಬೆಲೆಮಿತಿ ಹಾಕಿ, ಔಷಧ ಲೇಪಿತ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು. ಅದು ಜನಪರವಾದ ಒಳ್ಳೆಯ ಕ್ರಮ. ಅದರ ಫಲ ಮರುದಿನವೇ ಬಿಲ್ಲಿನಲ್ಲಿ ಕಾಣುತ್ತದೆ, ಫಲಾನುಭವಿಗೆ ಹೆಸರಿರುತ್ತದೆ. ನಾಳದ ಸ್ಲೈಡಿಗೆ ಫಲಾನುಭವಿಯಿಲ್ಲ.

ಈ ಮಾತನ್ನು ಹೊರಗಿನವನಾಗಿ ಹೇಳುತ್ತಿಲ್ಲ. 1990ರ ದಶಕದ ಆರಂಭದಲ್ಲಿ ವೆಚ್ಚದ ಪ್ರಸ್ತಾವಗಳನ್ನು ಪರಿಶೀಲಿಸುವ ಹುದ್ದೆಯಲ್ಲಿದ್ದಾಗ, ಒಂದು ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ವಿಭಾಗದಿಂದ ಕಡತವೊಂದು ಬಂದಿತ್ತು. ಅಂಗಾಂಶ ಸೀಳುವ ಹೊಸ ಮೈಕ್ರೊಟೋಮ್, ಇಬ್ಬರು ತಂತ್ರಜ್ಞರು, ಶವಪರೀಕ್ಷೆಯಲ್ಲಿ ದೊರೆತ ಹೃದಯಗಳನ್ನು ಕಾಪಿಡಲು ಒಂದು ಕೊಠಡಿ. ಒಟ್ಟು ಮೊತ್ತ ಆ ಕಾಲಕ್ಕೂ ದೊಡ್ಡದಲ್ಲ. ಪ್ರಸ್ತಾವದಿಂದ ಯಾವ ರೋಗಿಗೆ ಲಾಭವೆಂಬುದು ಸ್ಪಷ್ಟವಿಲ್ಲ, ಯೋಜನೇತರ ವೆಚ್ಚದಲ್ಲಿ ಹೊಸ ಹೊರೆ ಸೂಕ್ತವಲ್ಲ ಎಂದು ಟಿಪ್ಪಣಿ ಬರೆದವನು ನಾನೇ. ಪ್ರಾಧ್ಯಾಪಕರು ಎರಡು ಸಲ ಖುದ್ದಾಗಿ ಬಂದು, ಸಂದರ್ಶಕರ ಬೆಂಚಿನಲ್ಲಿ ಕಾದು, ವಿವರಿಸಿ ಹೋದರು. ಮೂರನೆಯ ಸಲ ಬರಲಿಲ್ಲ. ನಿಯಮದ ಪ್ರಕಾರ ನನ್ನ ಟಿಪ್ಪಣಿಯಲ್ಲಿ ತಪ್ಪಿರಲಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ನಾಳಕ್ಕೇ ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದಾಗ ಆ ಬೆಂಚು ನೆನಪಾಯಿತು.

ಈಗಿನ ಶವಪರೀಕ್ಷೆಯ ನಿರ್ಧಾರಕ್ಕೂ ಅದೇ ಗತಿ ಬರಬಾರದೆಂದರೆ ಅದಕ್ಕೆ ತನ್ನದೇ ಲೆಕ್ಕ ಶೀರ್ಷಿಕೆ ಬೇಕು. ಶವಾಗಾರದ ದೈನಂದಿನ ವೆಚ್ಚದಲ್ಲಿ ಇದನ್ನು ಸೇರಿಸಿದರೆ ಫಾರ್ಮಲಿನ್‌ಗೂ ಹಣ ಉಳಿಯದು. ಪ್ರತಿ ತಾಲ್ಲೂಕಿನಲ್ಲೂ ಹೃದಯ ರೋಗಶಾಸ್ತ್ರಜ್ಞರನ್ನು ಕೂರಿಸಲು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ತಾಲ್ಲೂಕಿನಲ್ಲಿ ಹೃದಯವನ್ನು ಸರಿಯಾದ ಕ್ರಮದಲ್ಲಿ ತೆಗೆದು ಕಾಪಿಟ್ಟು, ಎರಡು ಮೂರು ಪ್ರಾದೇಶಿಕ ಪ್ರಯೋಗಾಲಯಗಳಿಗೆ ಕಳಿಸುವ ಏರ್ಪಾಡು ಸಾಕು. ಕಷ್ಟವಿರುವುದು ಜನರ ವಿಷಯದಲ್ಲಿ. ರೋಗಶಾಸ್ತ್ರ ಓದಿದವರಿಗೆ ಖಾಸಗಿ ರಕ್ತಪರೀಕ್ಷಾ ಕೇಂದ್ರಗಳು ಕೊಡುವ ಸಂಬಳವನ್ನು ಸರ್ಕಾರಿ ಕಾಲೇಜು ಕೊಡದು. ಶವಪರೀಕ್ಷೆಯ ಮೇಜು ಅವರಿಗೆ ಬಡ್ತಿಯನ್ನೂ ತಾರದು. ಸಂಶೋಧನಾ ಭತ್ಯೆ ಹಾಗೂ ಖಾಯಂ ತಂತ್ರಜ್ಞರಿಲ್ಲದೆ ಯಂತ್ರ ಕೊಂಡರೆ ಅದು ಪ್ಲಾಸ್ಟಿಕ್ ಹೊದಿಕೆಯಲ್ಲೇ ಹಳತಾಗುತ್ತದೆ. ಅಂಥ ಯಂತ್ರಗಳನ್ನು ನಾನು ತಪಾಸಣೆಗೆ ಹೋದಲ್ಲೆಲ್ಲ ಕಂಡಿದ್ದೇನೆ.

ಮೃತರ ಮನೆಯವರ ಸಂಕಟವನ್ನೂ ಹಗುರಾಗಿ ಕಾಣಬಾರದು. ಬೆಳಿಗ್ಗೆ ಮಾತಾಡುತ್ತಿದ್ದ ಮಗ ಮಧ್ಯಾಹ್ನಕ್ಕಿಲ್ಲವೆಂದಾದಾಗ, ಹೊತ್ತು ಮುಳುಗುವ ಮುನ್ನ ಸಂಸ್ಕಾರ ಮುಗಿಯಬೇಕೆಂದಿರುವ ತಂದೆಗೆ ಕಡ್ಡಾಯದ ಆದೇಶವನ್ನು ಪೊಲೀಸ್ ಪೇದೆಯ ಬಾಯಲ್ಲಿ ಹೇಳಿಸಿದರೆ ಆತ ಸಾವನ್ನೇ ಮುಚ್ಚಿಡುತ್ತಾನೆ. ಹೇಳಬೇಕಾದವರು ವೈದ್ಯರು. ದೇಹವನ್ನು ಕೆಲವೇ ಗಂಟೆಗಳಲ್ಲಿ ಮರಳಿಸಬೇಕು. ಅಂಗಾಂಶವನ್ನು ಸಂಶೋಧನೆಗೆ ಉಳಿಸಿಕೊಳ್ಳಲು ಪ್ರತ್ಯೇಕವಾದ ಲಿಖಿತ ಒಪ್ಪಿಗೆ ಪಡೆಯಬೇಕು. ಜನ ಒಪ್ಪುವುದಿಲ್ಲವೆಂಬ ವಾದಕ್ಕೆ ಬೆಂಗಳೂರಿನಲ್ಲೇ ಉತ್ತರವಿದೆ. ನಿಮ್ಹಾನ್ಸ್‌ನ ಮೆದುಳು ಅಂಗಾಂಶ ಭಂಡಾರ 1995ರಿಂದ ನಡೆದುಬಂದಿರುವುದು ಇಂಥ ಕುಟುಂಬಗಳ ಒಪ್ಪಿಗೆಯ ಮೇಲೆಯೇ. ಕಾರಣ ತಿಳಿದರೆ ಮೊದಲ ಲಾಭವೂ ಆ ಮನೆಗೇ: ಸ್ನಾಯುದೋಷ ಅಥವಾ ವಂಶಪಾರಂಪರ್ಯ ಕೊಲೆಸ್ಟರಾಲ್ ಕಂಡುಬಂದರೆ ಮೃತನ ತಮ್ಮನನ್ನೂ ಮಕ್ಕಳನ್ನೂ ಆ ವಾರವೇ ಪರೀಕ್ಷೆಗೆ ಕರೆಯಬಹುದು. ವರದಿ ಮನೆಗೆ ತಲುಪುವ, ಕನ್ನಡದಲ್ಲಿ ವಿವರಿಸುವ ಹೊಣೆಯನ್ನು ಆದೇಶದಲ್ಲೇ ಬರೆದಿಡಬೇಕು. ಈಗಿರುವ ಪದ್ಧತಿಯಲ್ಲಿ ಶವಪರೀಕ್ಷೆಯ ವರದಿ ಹೋಗುವುದು ಪೊಲೀಸ್ ಠಾಣೆಗೆ. ಮನೆಯವರು ಅದರ ನಕಲಿಗಾಗಿ ಅರ್ಜಿ ಹಾಕಿ ಅಲೆಯಬೇಕು.